ಹಸಿರು ದೀಪ ಹತ್ತಲಿಲ್ಲ

ಒಕವಾಂಗೊ ನದಿ ಅಂಗೋಲದ ಬೆಟ್ಟಗಳಲ್ಲಿ ಹುಟ್ಟಿ, ಸಮುದ್ರದ ಮುಖವನ್ನೇ ಕಾಣದೆ ಬೋಟ್ಸ್ವಾನದ ಮರಳಿನಲ್ಲಿ ಇಂಗಿಹೋಗುತ್ತದೆ. ಅಲ್ಲಿ ಬಿದ್ದ ಮಳೆ ಇಲ್ಲಿಗೆ ಬರಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಹನಿ ಮಳೆಯಿಲ್ಲದ ಜುಲೈನಲ್ಲಿ ಇಲ್ಲಿ ನೆರೆ. ಆ ನೀರಿನ ನಡುವಿನ ದ್ವೀಪದಲ್ಲಿ ಮೂರು ದಿನವಿದ್ದು, ನಾನೂ ಹೆಂಡತಿಯೂ ಮೌನ್ ಪಟ್ಟಣಕ್ಕೆ ಹೊರಟಿದ್ದೆವು. ಆರು ಸೀಟಿನ, ಒಂಟಿ ಎಂಜಿನ್ನಿನ ಸೆಸ್ನಾ 210. ಇಪ್ಪತ್ತೈದು ನಿಮಿಷದ ದಾರಿ.

ಪೈಲಟ್ ಪಕ್ಕದ ಸೀಟು ನನಗೆ ಸಿಕ್ಕಿತು. ಈ ವಿಮಾನದ ರೆಕ್ಕೆ ತಲೆಯ ಮೇಲಿರುವುದರಿಂದ ಕಿಟಕಿಯಲ್ಲಿ ಚಕ್ರ ಕಾಣುತ್ತದೆ. ನೆಲ ಬಿಟ್ಟೊಡನೆ ಅದು ಜೋತುಬಿದ್ದು, ಹಿಂದಕ್ಕೆ ಮಡಚಿಕೊಂಡು ಹೊಟ್ಟೆಯೊಳಗೆ ಸೇರಿತು. ನಮ್ಮ ಕೊಕ್ಕರೆ ಬೆಳ್ಳೂರಿನ ಹುಣಸೆಮರದಿಂದ ಎದ್ದ ಕೊಕ್ಕರೆ ಕಾಲು ಹಿಂದೆ ಚಾಚುವುದು ನೆನಪಾಯಿತು. ಕೆಳಗೆ ಆನೆಗಳು ಎದೆಮಟ್ಟದ ನೀರಿನಲ್ಲಿ ಸಾಲಾಗಿ ದಾಟುತ್ತಿದ್ದವು.

ಮೌನ್ ಹತ್ತಿರವಾದಾಗ ಪೈಲಟ್ ಚಕ್ರದ ಹಿಡಿಕೆ ಇಳಿಸಿದ. ಹಸಿರು ದೀಪ ಹತ್ತಲಿಲ್ಲ. ಪಕ್ಕದ ದೀಪದ ಬಲ್ಬು ಕಿತ್ತು ಇದಕ್ಕೆ ಹಾಕಿ ನೋಡಿದ. ಆಗಲೂ ಇಲ್ಲ. "ನಿಮ್ಮ ಕಡೆಯ ಚಕ್ರ ಎಲ್ಲಿದೆ, ನೋಡಿ ಹೇಳಿ" ಎಂದ. ಅರ್ಧಕ್ಕೆ ನಿಂತು ಗಾಳಿಗೆ ಅಲುಗುತ್ತಿತ್ತು.

ಎರಡು ಸೀಟುಗಳ ನಡುವೆ ಒಂದು ಕೈಪಂಪು. ಚಕ್ರ ಇಳಿಸುವ ಎಣ್ಣೆಗೆ ಮೋಟಾರು ಒತ್ತಡ ಕೊಡದಿದ್ದರೆ ಕೈಯಿಂದ ಕೊಡಬೇಕು. ಅವನ ಕೈಗಳು ವಿಮಾನಕ್ಕೆ ಬೇಕಿದ್ದವು, ಪಂಪು ನನ್ನ ಪಾಲಿಗೆ ಬಂತು. ಊರಿನ ಬೋರ್‌ವೆಲ್ ಪಂಪು ಒತ್ತಿ ಬೆಳೆದವನು ನಾನು. ಕೆಳಗೆ ನೀರು ಬತ್ತಿದ್ದರೆ ಕೈಗೆ ಮೊದಲು ಗೊತ್ತಾಗುತ್ತದೆ, ಹಿಡಿಕೆ ಹಗುರವಾಗಿಬಿಡುತ್ತದೆ. ಇದೂ ಹಗುರವಾಗಿತ್ತು. ಆದರೂ ಒತ್ತಿದೆ, ಅಂಗೈ ಸುಲಿಯುವವರೆಗೆ ಒತ್ತಿದೆ. ಕಾಲ ಬಳಿಯ ಚಾಪೆಯಲ್ಲಿ ಕೆಂಪಗೆ ಏನೋ ಒಸರಿತ್ತು. ಈ ವಿಮಾನಗಳ ಹೈಡ್ರಾಲಿಕ್ ಎಣ್ಣೆಯ ಬಣ್ಣ ಕೆಂಪು ಎಂದು ನನಗೆ ಆಮೇಲೆ ತಿಳಿಯಿತು. ಅವನು ಒಮ್ಮೆ ಅದನ್ನು ನೋಡಿ, "ಸಾಕು, ಬಿಡಿ" ಎಂದ.

ಕಂಟ್ರೋಲ್ ಟವರಿನ ಮುಂದೆ ತಗ್ಗಿನಲ್ಲಿ ಹಾದುಹೋದೆವು. ಚಕ್ರ ಅರ್ಧಕ್ಕೇ ನಿಂತಿದೆ ಎಂದು ದುರ್ಬೀನಿನಲ್ಲಿ ನೋಡಿದವರೂ ಹೇಳಿದರು. ಪೆಟ್ರೋಲು ಕಡಿಮೆಯಾಗಲೆಂದು ಥಮಲಕಾನೆ ನದಿಯ ಮೇಲೆ ಮುಕ್ಕಾಲು ಗಂಟೆ ಸುತ್ತಿದೆವು. ಅಷ್ಟು ಹೊತ್ತೂ ಹೆಂಡತಿಯ ಕೈ ಹಿಂದಿನಿಂದ ನನ್ನ ಭುಜದ ಮೇಲಿತ್ತು. ಇಬ್ಬರೂ ಮಾತಾಡಲಿಲ್ಲ. ಮಗಳ ಮುಖ ಕಣ್ಣಿಗೆ ಕಟ್ಟಿತ್ತು. ಮಣ್ಣಿನಲ್ಲಿ ಇಳಿದರೆ ಮೂತಿ ಸಿಕ್ಕಿ ಮಗುಚಬಹುದು, ಡಾಂಬರಿನ ಮೇಲೆ ಜಾರುತ್ತದೆ ಎಂದು ಪೈಲಟ್ ವಿವರಿಸಿದ. ಇಪ್ಪತ್ತೈದು ದಾಟಿರದ ಹುಡುಗ. ಯಾವುದರ ನಂತರ ಯಾವುದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಒಂದೊಂದನ್ನೂ ಮಾಡುತ್ತಿದ್ದ. ಅವನ ಧೈರ್ಯಕ್ಕಿಂತ ಆ ಕ್ರಮವೇ ನಮ್ಮನ್ನು ಉಳಿಸಿತು ಎಂದು ಇವತ್ತಿಗೂ ನಂಬಿದ್ದೇನೆ. ಕೊನೆಯಲ್ಲಿ ಬಾಗಿಲಿನ ಚಿಲಕ ತೆಗೆಸಿದ. ಚೌಕಟ್ಟು ಸೊಟ್ಟಗಾದರೆ ಬಾಗಿಲು ಕಚ್ಚಿಕೊಳ್ಳುತ್ತದೆ.

ಎಂಜಿನ್ ತಗ್ಗಿಸಿದೊಡನೆ ಎಚ್ಚರಿಕೆಯ ಹಾರ್ನ್ ಕಿರುಚತೊಡಗಿತು. ಚಕ್ರ ಇಳಿದಿಲ್ಲ ಎಂದು ನಮಗೆ ಗೊತ್ತಿದ್ದುದನ್ನೇ ಅದು ನೆಲದವರೆಗೂ ಹೇಳುತ್ತಿತ್ತು. ವಿಮಾನ ರನ್‌ವೇ ಮೇಲೆ ತೇಲಿತು, ಇನ್ನೂ ತೇಲಿತು. ಪ್ರೊಪೆಲ್ಲರ್ ನೆಲಕ್ಕೆ ಬಡಿದ ಸದ್ದು, ಆಮೇಲೆ ತಗಡು ಉಜ್ಜುವ ಉದ್ದನೆಯ ಕರ್ಕಶ. ನಿಂತಾಗ ಕೇಳಿಸಿದ್ದು ಉಪಕರಣಗಳೊಳಗಿನ ಗೈರೋಗಳು ತಿರುಗುವ ಸಣ್ಣ ಗುಂಯ್‌ಗುಡುವಿಕೆ ಮಾತ್ರ.

"ಇಳಿಯಿರಿ, ದೂರ ಹೋಗಿ!" ಮೆಟ್ಟಿಲು ತುಳಿದು ಹತ್ತಿದ್ದ ಬಾಗಿಲಿನಿಂದ ಕಾಲು ಹೊರಗಿಟ್ಟರೆ ನೆಲ ಅಲ್ಲೇ ಇತ್ತು. ಯಾರಿಗೂ ಏನೂ ಆಗಿರಲಿಲ್ಲ. ಹೆಂಡತಿ ಡಾಂಬರಿನ ಮೇಲೆ ಕೂತು ಅತ್ತಳು, ನಾನೂ ಅತ್ತೆ.

ರನ್‌ವೇ ಬೇಗ ತೆರವಾಗಬೇಕಿತ್ತು. ಸಂಜೆಯೊಳಗೆ ಕ್ರೇನ್ ಬಂತು. ವಿಮಾನವನ್ನು ಮೇಲೆತ್ತಿದಾಗ ಮೆಕ್ಯಾನಿಕ್ ಒಬ್ಬ ಕೆಳಗೆ ನುಗ್ಗಿ, ಚಕ್ರದ ಕಾಲನ್ನು ಬರಿಗೈಯಲ್ಲಿ ಎಳೆದ. ಟಕ್ ಎಂದು ಕೂತಿತು. ಉಳಿದವೂ ಹಾಗೆಯೇ. ಬಾಗಿದ ಪ್ರೊಪೆಲ್ಲರ್ ಹೊತ್ತ ಸೆಸ್ನಾ ತನ್ನ ಮೂರು ಚಕ್ರಗಳ ಮೇಲೆ ಉರುಳುತ್ತಾ ಶೆಡ್ಡಿಗೆ ಹೋಯಿತು. ಪೈಲಟ್ ಹುಡುಗ ರೆಕ್ಕೆಯ ತುದಿ ಹಿಡಿದು ಜೊತೆಯಲ್ಲಿ ನಡೆಯುತ್ತಿದ್ದ.