ಟಿಕೆಟ್ 42, ಪಾಸ್ 21

ಮಲಾಡ್ ಪಶ್ಚಿಮದ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಒಂದು ಕುಟುಂಬವಿದೆ. ಮನೆಯ ಯಜಮಾನರು ಹುಡುಗನಾಗಿದ್ದಾಗ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಈಗ ಅಂಧೇರಿಯ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಮಗಳು ಹನ್ನೆರಡನೇ ತರಗತಿಗೆ ಬಂದಾಗ ಕೋಚಿಂಗ್ ಕ್ಲಾಸುಗಳ ಫೀಸು ವಿಚಾರಿಸಿಕೊಂಡು ಬಂದವರು, ಲಿಫ್ಟಿನಲ್ಲಿ ಸಿಕ್ಕಾಗ, "ನೀವು ಇಂಜಿನಿಯರಿಂಗ್ ಓದಿದವರಲ್ಲವಾ, ಭಾನುವಾರ ಸ್ವಲ್ಪ ಅವಳ ಲೆಕ್ಕ ನೋಡ್ತೀರಾ?" ಎಂದರು. ಒಪ್ಪಿಕೊಂಡೆ.

ಮಹಾರಾಷ್ಟ್ರದ ಸಿಇಟಿಯಲ್ಲಿ ಗಣಿತಕ್ಕೆ 50 ಪ್ರಶ್ನೆ, ಒಂದೊಂದಕ್ಕೆ 2 ಅಂಕ, ಸಮಯ 90 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು 1 ನಿಮಿಷ 48 ಸೆಕೆಂಡ್. ನಮ್ಮ ಕರ್ನಾಟಕದ ಸಿಇಟಿ ಇನ್ನೂ ಬಿಗಿ: 80 ನಿಮಿಷಕ್ಕೆ 60 ಪ್ರಶ್ನೆ. ಇಷ್ಟರಲ್ಲಿ ಪ್ರತಿ ಲೆಕ್ಕವನ್ನೂ ಬುಡದಿಂದ ಯೋಚಿಸುವುದು ಆಗದ ಮಾತು. ಓದಿದ ಕೂಡಲೇ ಇದು ಯಾವ ಟೈಪ್ ಎಂದು ಗುರುತು ಹತ್ತಬೇಕು.

ಹಾಗಾಗಿ ನಾನು ಮೊದಲು ಮಾಡಿದ್ದು ಒಂದು ಪಟ್ಟಿ. ಎಡಗಡೆ ಪ್ರಶ್ನೆಯಲ್ಲಿ ಬರುವ ಪದ, ಬಲಗಡೆ ಸೂತ್ರ. ಕೈಕುಲುಕುವುದು ಎಂದಿದ್ದರೆ ಕಾಂಬಿನೇಶನ್, ರೈಲ್ವೆ ಸ್ಟೇಷನ್ ಎಂದಿದ್ದರೆ ಪರ್ಮ್ಯುಟೇಶನ್. ದಿನವಿಡೀ ಕೋಡ್ ಬರೆಯುವವನಿಗೆ 'ಹೀಗಿದ್ದರೆ ಹಾಗೆ' ಎಂದು ಪಟ್ಟಿ ಮಾಡುವುದು ಕಷ್ಟವೇ? ಅರವತ್ತು ಸಾಲಾಯಿತು. ಹುಡುಗಿ ಎರಡು ವಾರದಲ್ಲಿ ಬಾಯಿಪಾಠ ಮಾಡಿಬಿಟ್ಟಳು.

ಡಿಸೆಂಬರಿನ ಮಾಕ್ ಟೆಸ್ಟಿನಲ್ಲಿ ಅವಳಿಗೆ ಗಣಿತದಲ್ಲಿ ನೂರಕ್ಕೆ 38 ಬಂತು. "ಅಂಕಲ್, ಎಲ್ಲ ಪ್ರಶ್ನೆಗೂ ಟೈಪ್ ಸಿಕ್ಕಿತ್ತು. ಟೈಮ್ ಕೂಡ ಉಳಿದಿತ್ತು" ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಚುಚ್ಚಿದ್ದು ಆ ಎರಡು ಮಾತು.

ತಪ್ಪಿದ ಒಂದು ಪ್ರಶ್ನೆ ಹೀಗಿತ್ತು: ಒಂದು ಮಾರ್ಗದಲ್ಲಿ 7 ಸ್ಟೇಷನ್, ಯಾವುದೇ ಎರಡರ ನಡುವೆ, ಹೋಗಲೂ ಬರಲೂ ನಡೆಯುವ ಪಾಸ್‌ಗಳು ಎಷ್ಟು ಬಗೆ? ಸ್ಟೇಷನ್ ಎಂಬ ಪದ ಕಂಡದ್ದೇ ಅವಳು ಏಳಾರಲೆ 42 ಎಂದು ಗುರುತು ಹಾಕಿದ್ದಳು. ನನ್ನ ಪಟ್ಟಿ ಹೇಳಿದ್ದೂ ಅದನ್ನೇ.

ಮುಂದಿನ ಭಾನುವಾರ ಅವಳ ಅಪ್ಪನ ಲೋಕಲ್ ಪಾಸ್ ತರಿಸಿ ಮೇಜಿನ ಮೇಲಿಟ್ಟೆ. ಅಂಧೇರಿಯಿಂದ ಬೋರಿವಲಿವರೆಗೆ ಎಣಿಸಿದೆವು: ಅಂಧೇರಿ, ಜೋಗೇಶ್ವರಿ, ರಾಮಮಂದಿರ, ಗೋರೆಗಾಂವ್, ಮಲಾಡ್, ಕಾಂದಿವಲಿ, ಬೋರಿವಲಿ. ಸರಿಯಾಗಿ ಏಳು. "ಅಪ್ಪ ಬೆಳಿಗ್ಗೆ ಅಂಧೇರಿಗೆ ಹೋಗೋದಕ್ಕೊಂದು, ರಾತ್ರಿ ಬರೋದಕ್ಕೊಂದು ಪಾಸ್ ಇಟ್ಟುಕೊಳ್ತಾರಾ?" ಎಂದು ಕೇಳಿದೆ. ಅವಳಿಗೆ ಹೊಳೆಯಿತು. ಟಿಕೆಟ್ಟಿಗೆ ದಿಕ್ಕಿದೆ; ಮಲಾಡಿನಿಂದ ಅಂಧೇರಿಗೆ ಬೇರೆ, ಅಂಧೇರಿಯಿಂದ ಮಲಾಡಿಗೆ ಬೇರೆ. ಪಾಸಿಗೆ ಆ ಭೇದವಿಲ್ಲ. ಟಿಕೆಟ್ 42, ಪಾಸ್ 21. ಪಾಸಿನ ಪ್ರಶ್ನೆಯೂ ಕೈಕುಲುಕುವ ಪ್ರಶ್ನೆಯೂ ಒಂದೇ ಜಾತಿ. ರೈಲು ಬರೀ ವೇಷ.

ಆ ಮೇಲೆ ವೇಷ ಕಳಚುವುದೇ ನಮ್ಮ ಆಟವಾಯಿತು. ಹತ್ತು ಜನ ಒಬ್ಬರಿಗೊಬ್ಬರು ಕೈಕುಲುಕಿದರೆ 45. ಹತ್ತು ತಂಡಗಳು ಪರಸ್ಪರ ಒಮ್ಮೆ ಆಡಿದರೂ 45 ಪಂದ್ಯ. ಹತ್ತು ಗೆಳತಿಯರು ಒಬ್ಬರಿಗೊಬ್ಬರು ದೀಪಾವಳಿ ಕಾರ್ಡ್ ಕಳಿಸಿದರೆ ಮಾತ್ರ 90, ಏಕೆಂದರೆ ಕಾರ್ಡಿಗೂ ದಿಕ್ಕಿದೆ. ಹತ್ತು ಬಾಹುಗಳ ಆಕೃತಿಯ ಕರ್ಣಗಳು 45 ಅಲ್ಲ, 35. ಪಕ್ಕಪಕ್ಕದ ಬಿಂದುಗಳನ್ನು ಸೇರಿಸುವ ಹತ್ತು ಗೆರೆ ಬಾಹುಗಳೇ ಹೊರತು ಕರ್ಣಗಳಲ್ಲ.

1981ರಲ್ಲಿ ಅಮೆರಿಕದ ಮಿಶೆಲಿನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಕೊಟ್ಟು ಗುಂಪು ಮಾಡಲು ಹೇಳಿದ್ದರು. ಹೊಸಬರು ರಾಟೆಯ ಲೆಕ್ಕಗಳನ್ನೆಲ್ಲ ಒಂದೆಡೆ, ಇಳಿಜಾರಿನವನ್ನು ಇನ್ನೊಂದೆಡೆ ಇಟ್ಟರು. ಪಳಗಿದವರು ಯಾವ ನಿಯಮದಿಂದ ಬಿಡುತ್ತದೆ ಎಂದು ನೋಡಿ ಗುಂಪು ಮಾಡಿದರು. ನಾನು ಅರವತ್ತು ಸಾಲಿನ ಪಟ್ಟಿ ಮಾಡಿ ಆ ಹುಡುಗಿಯನ್ನು ಹೊಸಬರ ಸಾಲಿನಲ್ಲೇ ಕೂರಿಸಿದ್ದೆ. ನಿಜ ಹೇಳಬೇಕೆಂದರೆ ನಾನೇ ಹಾಗೆ ಪಾಸಾದವನು. ಸಿಇಟಿ ದಾಟಿ ಇಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೆ ಕೂತಾಗ, ನನಗೆ ಗೊತ್ತಿದ್ದದ್ದು ಡಬ್ಬಿಗಳ ಮೇಲಿನ ಚೀಟಿ ಮಾತ್ರ, ಒಳಗಿನ ಸಾಮಾನಲ್ಲ ಎಂದು ತಿಳಿದಿತ್ತು. ಅದನ್ನೇ ಅವಳಿಗೆ ದಾಟಿಸುತ್ತಿದ್ದೆ.

ಹಳೆಯ ಪಟ್ಟಿ ಬಿಟ್ಟು ಮೂರು ಪ್ರಶ್ನೆ ಇಟ್ಟುಕೊಂಡೆವು. ಅದಲುಬದಲು ಮಾಡಿದರೆ ಹೊಸದಾಗುತ್ತದೆಯೇ? ಒಂದನ್ನೇ ಮತ್ತೆ ಆರಿಸಬಹುದೇ? ಏನಾದರೂ ನಿರ್ಬಂಧ ಇದೆಯೇ? ಸಂಶಯ ಬಂದರೆ ಸಂಖ್ಯೆ ಚಿಕ್ಕದು ಮಾಡಿ ಬರೆದೇ ನೋಡುವುದು. ಮೂರೇ ಸ್ಟೇಷನ್ ಎಂದುಕೊಂಡರೆ ಟಿಕೆಟ್ 6, ಪಾಸ್ 3. ಹತ್ತು ಸೆಕೆಂಡಿನ ಕೆಲಸ.

ಒಂದು ಸಲ ನಾನೇ ಪ್ರಶ್ನೆ ಹಾಕಿದೆ: ಈ ಏಳರಲ್ಲಿ ಮೂರೇ ಕಡೆ ನಿಲ್ಲುವ ಫಾಸ್ಟ್ ಲೋಕಲ್, ಆದರೆ ಪಕ್ಕಪಕ್ಕದ ಎರಡು ಸ್ಟೇಷನ್ನಿನಲ್ಲಿ ನಿಲ್ಲಬಾರದು. ಏಳರಲ್ಲಿ ಮೂರು, 35 ಎಂದು ಬರೆದವಳು, ತಡೆದು ಹೊಡೆದುಹಾಕಿದಳು. ನಿಲ್ಲದ ನಾಲ್ಕು ಸ್ಟೇಷನ್ನಿಗೆ ನಾಲ್ಕು ಗೆರೆ ಎಳೆದಳು. ನಡುವಿನ ಮೂರು ಸಂದಿ, ಆಚೀಚೆಯ ಎರಡು ತುದಿ, ಒಟ್ಟು ಐದು ಜಾಗ. ಐದರಲ್ಲಿ ಮೂರು ಆರಿಸಿದರೆ 10. ಆ ಟೈಪ್ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಪರೀಕ್ಷೆ ಮುಗಿಸಿ ಬಂದ ದಿನ, "ಐದಾರು ಪ್ರಶ್ನೆಗೆ ಟೈಪೇ ಗೊತ್ತಾಗಲಿಲ್ಲ ಅಂಕಲ್. ಎರಡು ಬರೆದು ನೋಡಿ ಬಿಡಿಸಿದೆ, ಉಳಿದದ್ದಕ್ಕೆ ಅಂದಾಜಿಗೆ ಒತ್ತಿ ಬಂದೆ" ಎಂದಳು. ಈ ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಅದು ಸರಿಯೇ. ಜೆಇಇ ಮೇನ್‌ನಲ್ಲಾದರೆ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ಅಲ್ಲಿ ಗೊತ್ತಿಲ್ಲ ಎಂದು ಗೊತ್ತಾಗುವುದೂ ಅಂಕವೇ. ಎಲ್ಲ ಟೈಪ್ ಸಿಕ್ಕಿತ್ತು ಎಂದಿದ್ದ ಡಿಸೆಂಬರಿಗಿಂತ ಅವಳ ಈ ಮಾತು ನನಗೆ ಸಮಾಧಾನ ಕೊಟ್ಟಿತು.

ಈಗ ಅವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊನ್ನೆ ಅವಳ ತಮ್ಮ ಬಂದು, "ಅಕ್ಕನಿಗೆ ಒಂದು ಪಟ್ಟಿ ಕೊಟ್ಟಿದ್ದಿರಂತೆ, ಅದು ಇದೆಯಾ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಅಕ್ಕ ಹೇಳಿದಳು, "ಅದೆಲ್ಲ ಬೇಡ. ಮೊದಲು ಅಪ್ಪನ ಪಾಸ್ ತಗೊಂಡು ಬಾ."