ಬೈಲಕುಪ್ಪೆಯಲ್ಲಿ ಕಂಡದ್ದು



ಶ್ರೀಮಠದ ಆವರಣದಲ್ಲಿ ನಿರ್ಮಾಣವಾಗಬೇಕೆಂದು ಸಂಕಲ್ಪಿಸಲಾಗಿದ್ದ ನೂತನ ಪ್ರಾರ್ಥನಾಮಂದಿರದ ನಕ್ಷೆಯನ್ನು ಈ ಪತ್ರಿಕೆಯ ಹಿಂದಿನ ಸಂಚಿಕೆಯೊಂದರಲ್ಲಿ ತಾವೆಲ್ಲರೂ ನೋಡಿರುವಿರಿ. ಶಂಕುಸ್ಥಾಪನೆ ಎಂದು, ಕೆಲಸ ಆರಂಭವಾಗುವುದು ಯಾವಾಗ ಎಂದು ಕೇಳಿ ಅನೇಕರು ಪತ್ರ ಬರೆದಿದ್ದಾರೆ. ಮಠಕ್ಕೆ ಬಂದವರು ಪಾದಪೂಜೆಯ ಹೊತ್ತಿನಲ್ಲಿಯೂ ಇದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರಿಸುವ ಬದಲು, ಕೆಲಸ ತಡೆದು ನಿಂತದ್ದೇಕೆ ಎಂಬುದನ್ನು ಇಲ್ಲಿ ಒಮ್ಮೆಗೇ ನಿವೇದಿಸುವುದು ಲೇಸೆಂದು ತೋರಿತು. ಅದಕ್ಕೆ ನಾವು ಬೈಲಕುಪ್ಪೆಗೆ ಹೋಗಿ ಬಂದ ಸಂಗತಿಯನ್ನು ಹೇಳಬೇಕಾಗುತ್ತದೆ.

ಅಲ್ಲಿಗೆ ಹೋದದ್ದು ನಮ್ಮ ಇಚ್ಛೆಯಿಂದಲ್ಲ. ಮಂದಿರ ನಿರ್ಮಾಣ ಸಮಿತಿಯ ಹಿರಿಯರೊಬ್ಬರು, “ಬುದ್ಧೀ, ತಾವೊಮ್ಮೆ ಆ ಚಿನ್ನದ ದೇವಸ್ಥಾನ ನೋಡಬೇಕು. ದಿನವೂ ಬಸ್ಸುಗಟ್ಟಲೆ ಜನ ಬರುತ್ತಾರೆ. ನಮ್ಮ ಮಠಕ್ಕೂ ಹಾಗೆಯೇ ಜನ ಬರುವಂಥದ್ದನ್ನು ಕಟ್ಟಬೇಕು” ಎಂದು ಒತ್ತಾಯಿಸಿದರು. ಅವರ ಮಾತಿನಲ್ಲಿ ಮಠದ ಮೇಲಣ ಪ್ರೀತಿಯ ಹೊರತು ಬೇರೇನೂ ಇರಲಿಲ್ಲ. ಆದುದರಿಂದ ನಸುಕಿನಲ್ಲಿಯೇ ಪೂಜೆ ಮುಗಿಸಿಕೊಂಡು ಅವರೊಡನೆ ಹೊರಟೆವು.

ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಕಾವೇರಿಯ ಆಚೆಗೆ ಕೊಡಗಿನ ಕುಶಾಲನಗರ. 1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟನ್ನು ಬಿಟ್ಟು ಭಾರತಕ್ಕೆ ಬಂದ ತರುವಾಯ ಅವರ ಹಿಂದೆ ಸಾವಿರಾರು ಜನ ಹಿಮಾಲಯವನ್ನು ದಾಟಿ ಬಂದರು. ಅವರಿಗೆ ನೆಲೆ ಬೇಕಾಯಿತು. ಅಂದಿನ ಮೈಸೂರು ಸರ್ಕಾರವು ಇಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. ಶ್ರೀ ಎಸ್. ನಿಜಲಿಂಗಪ್ಪನವರು ಆಗ ತೋರಿದ ಔದಾರ್ಯವನ್ನು ದಲಾಯಿ ಲಾಮಾ ಅವರು ಅನೇಕ ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ತರುವಾಯ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ಅವರ ಬಿಡಾರಗಳು ನೆಲೆಗೊಂಡವು. ಹಿಮದ ನಾಡಿನಿಂದ ಬಂದವರು ಬಿಸಿಲಿನಲ್ಲಿ ಕಾಡು ಕಡಿದು, ಮುಸುಕಿನ ಜೋಳ ಬೆಳೆದರು. ಇಂದಿಗೂ ದಾರಿಯ ಎರಡು ಬದಿಗೂ ಅದೇ ಹೊಲಗಳಿವೆ. ಮನೆಗಳ ಮೇಲೆ ಪ್ರಾರ್ಥನೆಯ ಬಣ್ಣದ ಬಾವುಟಗಳು ಗಾಳಿಗೆ ಆಡುತ್ತಿರುತ್ತವೆ.

ನಾಮ್‌ಡ್ರೋಲಿಂಗ್ ವಿಹಾರದ ಅಂಗಳದಲ್ಲಿ ಕಾರು ಇಳಿದಾಗ ಪ್ರವಾಸಿಗಳ ಗದ್ದಲ ಜೋರಾಗಿಯೇ ಇತ್ತು. ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ತಾಯಿಯ ಸೆರಗು ಹಿಡಿದಿದ್ದ ಪುಟ್ಟ ಹುಡುಗಿಯೊಬ್ಬಳು ನಮ್ಮ ಕಾವಿಯನ್ನೂ ಅಲ್ಲಿಯ ಭಿಕ್ಷುಗಳ ಕಡುಗೆಂಪು ವಸ್ತ್ರವನ್ನೂ ನೋಡಿ, “ಅಮ್ಮಾ, ಈ ತಾತನೂ ಟಿಬೆಟ್‌ನೋರಾ?” ಎಂದಳು. ತಾಯಿ ನಾಚಿ ಕೈಮುಗಿದರು. ನಮಗೆ ನಗು ಬಂದಿತು. ಹೊರಟಾಗ ಆ ಮಾತನ್ನು ನೆನೆದುಕೊಂಡಾಗ ಮಾತ್ರ ನಗು ಬರಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ದೇವಾಲಯದ ಒಳಗೆ ಕಾಲಿಟ್ಟಾಗ ಯಾರಿಗಾದರೂ ಒಂದು ಕ್ಷಣ ಮಾತು ನಿಲ್ಲುತ್ತದೆ. ನಡುವೆ 60 ಅಡಿ ಎತ್ತರದ ಶಾಕ್ಯಮುನಿ ಬುದ್ಧ. ಎರಡು ಪಾರ್ಶ್ವಗಳಲ್ಲಿ ತಲಾ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯು. ತಾಮ್ರದ ಮೂರ್ತಿಗಳಿಗೆ ಚಿನ್ನದ ಲೇಪ. ಗೋಡೆಗಳ ತುಂಬ ದೇವತೆಗಳ, ಸಿದ್ಧರ ಚಿತ್ರಗಳು. ನಮ್ಮ ಜೊತೆಗಿದ್ದ ಹಿರಿಯರು ಕಂಬಗಳ ನಡುವಣ ಅಂತರವನ್ನು ಹೆಜ್ಜೆಯಿಂದ ಅಳೆದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲಾರಂಭಿಸಿದರು.

ಅಲ್ಲಿಯ ಪಾಠಕರಾದ ಭಿಕ್ಷುಗಳೊಬ್ಬರು ಆಗ ನಮ್ಮನ್ನು ಕಂಡು ಬಂದರು. ಅವರು ಸಾರನಾಥದ ಟಿಬೆಟನ್ ಅಧ್ಯಯನ ಸಂಸ್ಥೆಯಲ್ಲಿ ಕೆಲವು ವರ್ಷ ಓದಿದವರು. ನಾವು ಕಾಶಿಯಲ್ಲಿ ಓದಿದವರೆಂದು ತಿಳಿದಾಗ ಅವರ ಮುಖ ಅರಳಿತು. ಸಾರನಾಥಕ್ಕೂ ಕಾಶಿಗೂ ಎಷ್ಟು ದೂರ! ಹಿಂದಿ, ಸಂಸ್ಕೃತಗಳೆರಡನ್ನೂ ಬೆರೆಸಿ ಮಾತು ಸಾಗಿತು. ಹಿರಿಯರು ಮೂರ್ತಿಗಳಿಗೆ ಎಷ್ಟು ವೆಚ್ಚವಾಯಿತೆಂದು ನಮ್ಮ ಮೂಲಕ ಕೇಳಿಸಿದರು. ಆಚಾರ್ಯರು ಅದಕ್ಕೆ ನೇರವಾಗಿ ಉತ್ತರಿಸದೆ, “ಸ್ವಾಮೀಜಿ, ಈ ಮೂರ್ತಿಗಳ ಒಳಗೆ ಏನಿದೆಯೆಂದು ಬಲ್ಲಿರಾ?” ಎಂದರು. ಒಳಗೆ ಧರ್ಮಗ್ರಂಥಗಳನ್ನು ಇರಿಸಿದ್ದಾರೆ. ಹಿಂದಿನ ಮಹನೀಯರ ಅವಶೇಷಗಳನ್ನು, ಮಣ್ಣಿನ ಪುಟ್ಟ ಸ್ತೂಪಗಳನ್ನು ಇರಿಸಿದ್ದಾರೆ. ಅವು ಒಳಗಿಲ್ಲದಿದ್ದರೆ ಮೂರ್ತಿಯು ಪೂಜೆಗೆ ಯೋಗ್ಯವಲ್ಲವೆಂದು ಅವರ ಸಂಪ್ರದಾಯ.

ನಮ್ಮ ಮುಂದಿನ ಪ್ರಶ್ನೆಗೆ ಅವರು ಹೇಳಿದ ಇತಿಹಾಸವನ್ನು ಓದುಗರು ಗಮನವಿಟ್ಟು ಕೇಳಬೇಕು. ಈ ವಿಹಾರದ ಸ್ಥಾಪಕರು ಪೆನೋರ್ ರಿಂಪೋಚೆಯವರು. ಪೂರ್ವ ಟಿಬೆಟಿನ ಪಾಲ್ಯುಲ್ ಮಠದ ಪೀಠಾಧಿಪತಿಗಳು. 1932ರಲ್ಲಿ ಹುಟ್ಟಿದ ಇವರು 2009ರಲ್ಲಿ ದೇಹವನ್ನು ಬಿಟ್ಟರು. ತಾಯ್ನಾಡನ್ನು ಬಿಡುವಾಗ ಅವರೊಡನೆ ಹೊರಟವರು ಸುಮಾರು 300 ಜನ. ಭಾರತವನ್ನು ತಲಪಿದವರು ಸುಮಾರು 30. 1963ರಲ್ಲಿ ಬೈಲಕುಪ್ಪೆಯಲ್ಲಿ ಅವರು ಕಟ್ಟಿದ ಮೊದಲ ಗುಡಿಯು ಬಿದಿರಿನದು. ಸುತ್ತ ಕಾಡು, ಆನೆಗಳ ಕಾಟ. ಉನ್ನತ ವಿದ್ಯಾಪೀಠವನ್ನು ತೆರೆದದ್ದು 1978ರಲ್ಲಿ. ಅಲ್ಲಿಯ ಪಾಠಕ್ರಮ ಒಂಬತ್ತು ವರ್ಷದ್ದು. ಭಿಕ್ಷುಣಿಯರ ಆಶ್ರಮ ಪ್ರಾರಂಭವಾದದ್ದು 1993ರಲ್ಲಿ. ಈಗ ಜನರು ನೋಡಲು ಬರುವ ಈ ಚಿನ್ನದ ದೇವಾಲಯವನ್ನು ದಲಾಯಿ ಲಾಮಾ ಅವರು ಉದ್ಘಾಟಿಸಿದ್ದು 1999ರಲ್ಲಿ.

ಮೊದಲು ಬಿದಿರಿನ ಗುಡಿ, ಆಮೇಲೆ ಪಾಠಶಾಲೆ, ಆಮೇಲೆ ಹೆಣ್ಣುಮಕ್ಕಳ ವಿದ್ಯೆ, ಕಟ್ಟಕಡೆಗೆ ಚಿನ್ನ. ಇದಕ್ಕೆ ಮೂವತ್ತಾರು ವರ್ಷ ಹಿಡಿಯಿತು. ಹಿರಿಯರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ಆಚಾರ್ಯರು ನಮ್ಮನ್ನು ಸಮೀಪದ ಸೆರಾ ಮಠಕ್ಕೆ ಕರೆದೊಯ್ದರು. ಮೂಲದ ಸೆರಾ ಮಠವು ಲಾಸಾ ನಗರದ ಬಳಿ 1419ರಲ್ಲಿ ಸ್ಥಾಪಿತವಾದದ್ದು. ಅಲ್ಲಿಂದ ಬಂದ ಭಿಕ್ಷುಗಳು ಬಂಗಾಳದ ಬಕ್ಸಾ ಎಂಬಲ್ಲಿಯ ಹಳೆಯ ಸೆರೆಮನೆಯ ಕಟ್ಟಡದಲ್ಲಿ ಕೆಲವು ವರ್ಷ ಕಳೆದು, 1970ರ ಸುಮಾರಿಗೆ ಬೈಲಕುಪ್ಪೆಗೆ ಬಂದು ನೆಲಸಿದರು. ಸೆರೆಮನೆಯಲ್ಲಿದ್ದಾಗಲೂ ಅವರು ಪಾಠವನ್ನು ನಿಲ್ಲಿಸಲಿಲ್ಲ.

ಅಲ್ಲಿಯ ಶಾಸ್ತ್ರಾರ್ಥದ ಅಂಗಳವನ್ನು ನಾವು ಮರೆಯಲಾರೆವು. ನೂರಾರು ತರುಣ ಭಿಕ್ಷುಗಳು ಜೋಡಿ ಜೋಡಿಯಾಗಿ ವಾದಕ್ಕೆ ತೊಡಗಿದ್ದರು. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನೆ ಹಾಕುವವನು ಎದುರಿಗೆ ನಿಂತು, ಪ್ರಶ್ನೆಯ ಕೊನೆಗೆ ಬಲಗೈಯನ್ನು ಎಡಗೈಯ ಮೇಲೆ ಚಪ್ಪಾಳೆಯಾಗಿ ಬಡಿದು, ಕಾಲನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ತಪ್ಪಿದವನನ್ನು ಸುತ್ತಲಿನವರು ನಗುತ್ತಲೇ ಹಿಡಿಯುತ್ತಾರೆ. ಒಂದು ಜೋಡಿಯ ಬಳಿ ನಿಂತು, ವಿಷಯವೇನೆಂದು ಕೇಳಿದೆವು. ಆಚಾರ್ಯರು ಹೇಳಿದರು: “ಶಬ್ದವು ಅನಿತ್ಯ, ಕೃತಕವಾದುದರಿಂದ, ಘಟದಂತೆ.”

ಓದುಗರೇ, ಇದನ್ನು ಕೇಳಿದಾಗ ನಮ್ಮ ಮೈ ನವಿರೇಳಿತು. ಮೂವತ್ತೈದು ವರ್ಷಗಳ ಹಿಂದೆ ಕಾಶಿಯಲ್ಲಿ, ಗಂಗೆಯ ತಡಿಯ ಇಕ್ಕಟ್ಟಾದ ಕೊಠಡಿಯಲ್ಲಿ, ನಮ್ಮ ನ್ಯಾಯಗುರುಗಳು ಇದೇ ಅನುಮಾನವಾಕ್ಯದಿಂದ ಪಾಠವನ್ನು ಆರಂಭಿಸಿದ್ದರು. ಧರ್ಮಕೀರ್ತಿಯ ಹೆಸರನ್ನು ನಾವು ಮೊದಲು ಕೇಳಿದ್ದು ಪೂರ್ವಪಕ್ಷಿಯಾಗಿ. ಆತನ ಮಾತನ್ನು ಖಂಡಿಸುವುದಕ್ಕಾಗಿ ಮಾತ್ರ ಓದುತ್ತಿದ್ದೆವು. ಆದರೆ ಆತನ ‘ಪ್ರಮಾಣವಾರ್ತಿಕ’ದ ಮೂಲ ಸಂಸ್ಕೃತವು ಭಾರತದಲ್ಲಿ ಶತಮಾನಗಳ ಕಾಲ ಅಳಿದುಹೋಗಿತ್ತು. ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೆಟಿನ ಮಠಗಳ ಧೂಳಿನಿಂದ ಅದರ ಹಸ್ತಪ್ರತಿಗಳನ್ನು ಹುಡುಕಿ ತಂದರು. ನಾವು ಕಳೆದುಕೊಂಡದ್ದನ್ನು ಅವರು ಕಾಪಾಡಿದ್ದರು. ಎಂಟನೆಯ ಶತಮಾನದಲ್ಲಿ ನಾಲಂದದ ಶಾಂತರಕ್ಷಿತರನ್ನೂ ಪದ್ಮಸಂಭವರನ್ನೂ ಅವರ ಅರಸನು ಬರಮಾಡಿಕೊಂಡಂದಿನಿಂದ ನಮ್ಮ ನೆಲದ ವಿದ್ಯೆಯನ್ನು ತಮ್ಮ ಭಾಷೆಗೆ ತಂದುಕೊಂಡು, ಬಾಯಿಪಾಠ ಮಾಡಿ, ವಾದ ಮಾಡಿ ಉಳಿಸಿದರು. ಅವರ ಗ್ರಂಥಗಳು ಈಗಲೂ ನಮ್ಮ ಓಲೆಗರಿಯ ಕಟ್ಟುಗಳಂತೆ ಉದ್ದನೆಯ ಬಿಡಿ ಹಾಳೆಗಳು. ಬಟ್ಟೆಯಲ್ಲಿ ಸುತ್ತಿ, ಹಲಗೆಯ ನಡುವೆ ಇಟ್ಟು ಕಟ್ಟಿರುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಅವರದೂ ನಮ್ಮದೂ ಒಂದೇ ಎಂದು ಭಾವಿಸಲಾಗದು. ಅವರು ನಿತ್ಯವಾದ ಆತ್ಮವನ್ನಾಗಲಿ ಸೃಷ್ಟಿಕರ್ತನನ್ನಾಗಲಿ ಒಪ್ಪುವುದಿಲ್ಲ. ನಾವಾದರೋ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು, ಲಿಂಗಾಂಗ ಸಾಮರಸ್ಯವನ್ನೇ ಪರಮಗುರಿ ಎನ್ನುವವರು. ಶೂನ್ಯವೆಂಬ ಶಬ್ದ ಎರಡು ಕಡೆಯೂ ಇದೆ. ಹದಿನೈದನೆಯ ಶತಮಾನದ ನಮ್ಮ ‘ಶೂನ್ಯಸಂಪಾದನೆ’ಯಲ್ಲಿ ಅದು ಪೂರ್ಣವನ್ನು ಹೇಳಿದರೆ, ನಾಗಾರ್ಜುನನಲ್ಲಿ ಅದು ವಸ್ತುಗಳಿಗೆ ಸ್ವಂತ ಸ್ವಭಾವವಿಲ್ಲವೆಂಬುದನ್ನು ಹೇಳುತ್ತದೆ. ಹೆಸರು ಒಂದಾದುದಕ್ಕೆ ಅರ್ಥವೂ ಒಂದೆಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಪಡೆಯಬಹುದು, ಅದು ವಿದ್ಯೆಯಾಗಲಾರದು. ಆಚಾರ್ಯರೂ ನಾವೂ ಇದರ ಬಗ್ಗೆ ಒಂದು ಗಂಟೆ ವಾದಿಸಿದೆವು. ಒಪ್ಪಿಗೆಯಾಗಲಿಲ್ಲ. ಅಷ್ಟು ಸಂತೋಷದ ಒಂದು ಗಂಟೆ ಈಚಿನ ವರ್ಷಗಳಲ್ಲಿ ನಮಗೆ ದೊರೆತಿರಲಿಲ್ಲ.

ಮಾತಿನ ನಡುವೆ ಎಂಟೊಂಬತ್ತು ವರ್ಷದ ಬಾಲಭಿಕ್ಷುವೊಬ್ಬನು ಬೆಣ್ಣೆ ಚಹದ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದನು. ಹೊರಗೆ ಆಹಾರ ಸ್ವೀಕರಿಸುವ ರೂಢಿ ನಮಗಿಲ್ಲವೆಂದು ತಿಳಿದು, ಓಡಿಹೋಗಿ ಎರಡು ಬಾಳೆಹಣ್ಣು ತಂದಿಟ್ಟನು. ಅವನ ಊರು ಅರುಣಾಚಲದ ಕಡೆಯದಂತೆ. ಊರಿನ ನೆನಪಾಗುವುದೇ ಎಂದು ಕೇಳಿಸಿದೆವು. ಅವನು ತಲೆ ತಗ್ಗಿಸಿ, ರಾತ್ರಿ ಆಗುವುದೆಂದೂ, ಬೆಳಿಗ್ಗೆ ಪಾಠ ಒಪ್ಪಿಸುವುದಿರುವುದರಿಂದ ಆಗುವುದಿಲ್ಲವೆಂದೂ ಹೇಳಿದನು.

ನಮ್ಮನ್ನೂ ಮಠಕ್ಕೆ ಒಪ್ಪಿಸಿದ್ದು ಅದೇ ವಯಸ್ಸಿನಲ್ಲಿ. ನಮಗೂ ರಾತ್ರಿ ನೆನಪಾಗುತ್ತಿತ್ತು. ಬೆಳಿಗ್ಗೆ ಲಿಂಗೈಕ್ಯ ಗುರುಗಳ ಮುಂದೆ ಪಾಠ ಒಪ್ಪಿಸಬೇಕಾಗಿತ್ತು. ಆ ಪಾಠಶಾಲೆ ಈಗ ಎಲ್ಲಿದೆ? ತಮಗೆ ಗೊತ್ತಿಲ್ಲದಿರಬಹುದು. ಐದು ವರ್ಷಗಳ ಹಿಂದೆ ಅದನ್ನು ಮುಚ್ಚಿದವರು ನಾವೇ. ಏಳು ಜನ ಮಕ್ಕಳಷ್ಟೇ ಉಳಿದಿದ್ದರು. ಪಂಡಿತರು ವೃದ್ಧರಾಗಿದ್ದರು. ಖರ್ಚಿಗೆ ತಕ್ಕ ಫಲವಿಲ್ಲವೆಂದು ಲೆಕ್ಕಪತ್ರ ನೋಡುವವರು ಹೇಳಿದರು. ನಾವು ಒಪ್ಪಿ ಸಹಿ ಮಾಡಿದೆವು. ಮಕ್ಕಳನ್ನು ಊರಿಗೆ ಕಳುಹಿಸುವ ದಿನ ಒಬ್ಬ ಹುಡುಗನು ಮೆಟ್ಟಿಲ ಬಳಿ ನಿಂತು, “ಬುದ್ಧೀ, ನಾನು ಅರ್ಧ ಕಲ್ತಿದೀನಿ, ಉಳಿದರ್ಧ ಯಾರು ಹೇಳ್ಕೊಡ್ತಾರೆ?” ಎಂದು ಕೇಳಿದನು. ನಾವು ಆಶೀರ್ವಾದ ಮಾಡಿ ಒಳಗೆ ಹೋದೆವು. ಆ ಕೊಠಡಿಯಲ್ಲಿ ಈಗ ಜಾತ್ರೆಯ ಶಾಮಿಯಾನ, ಹಂಡೆ, ಕೊಳಗಗಳಿವೆ. ಕಾವಿಯನ್ನು ನೋಡಿ ನಮ್ಮನ್ನು ಅಲ್ಲಿಯ ಗುರುಗಳಲ್ಲೊಬ್ಬರೆಂದು ತಿಳಿದ ಆ ಪುಟ್ಟ ಹುಡುಗಿಯ ಮಾತು ಹಿಂದಿರುಗುವಾಗ ನಮ್ಮನ್ನು ಚುಚ್ಚಿದ್ದು ಇದಕ್ಕಾಗಿ. ಪಾಠ ಹೇಳದ ಗುರುವಿಗೆ ಬಟ್ಟೆಯ ಬಣ್ಣವೊಂದೇ ಉಳಿಯುತ್ತದೆ.

ಅಲ್ಲಿಯೂ ಎಲ್ಲವೂ ಸುಗಮವಾಗಿದೆಯೆಂದು ತಿಳಿಯಬೇಡಿ. ತರುಣರು ಹೊರದೇಶಗಳಿಗೆ ಹೋಗುತ್ತಿದ್ದಾರೆ. ಟಿಬೆಟಿನಿಂದ ಹೊಸಬರು ಬರುವುದು ಬಹಳ ಕಡಿಮೆಯಾಗಿದೆ. ಈಗಿನ ಮಕ್ಕಳಲ್ಲಿ ಹಲವರು ಹಿಮಾಲಯದ ತಪ್ಪಲಿನವರು. “ಮಕ್ಕಳು ಬಾರದಿದ್ದರೆ ಏನು ಮಾಡುವಿರಿ?” ಎಂದು ಕೇಳಿದ್ದಕ್ಕೆ ಆಚಾರ್ಯರು, “ಒಬ್ಬನು ಬಂದರೆ ಒಬ್ಬನಿಗೆ ಹೇಳುತ್ತೇವೆ” ಎಂದರು. ಇದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ನಮ್ಮಲ್ಲಿ ಏಳು ಜನರಿದ್ದರು.

ಹಿಂದಿರುಗುವಾಗ ಹಿರಿಯರು ಹುಣಸೂರಿನವರೆಗೂ ಮಾತನಾಡಲಿಲ್ಲ. ಆಮೇಲೆ, “ಬುದ್ಧೀ, ಆ ಕೊಠಡಿಯ ಹೆಂಚು ಮೊದಲು ಬದಲಾಯಿಸಬೇಕು. ಮಳೆಗಾಲದಲ್ಲಿ ಸೋರುತ್ತದೆ” ಎಂದರು. ಅವರೇ ನಮಗಿಂತ ಮುಂದೆ ಹೋಗಿದ್ದರು.

ಆದುದರಿಂದ ಮಂದಿರದ ಕೆಲಸವನ್ನು ಮುಂದೂಡಲಾಗಿದೆ, ಕೈಬಿಟ್ಟಿಲ್ಲ. ಅದಕ್ಕೆಂದು ಕಾಣಿಕೆ ಕೊಟ್ಟವರು ಬೇಕಾದಲ್ಲಿ ಹಿಂದಕ್ಕೆ ಪಡೆಯಬಹುದು. ಪಾಠಶಾಲೆಗೆ ಬಳಸಲು ಒಪ್ಪುವವರು ಒಂದು ಕಾಗದ ಬರೆದರೆ ಸಾಕು. ಬರುವ ಬಸವಜಯಂತಿಯಂದು ಪಾಠಶಾಲೆಯು ಪುನಃ ತೆರೆಯುತ್ತದೆ. ಹಿಂದೆ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಶರಣೆಯರು ಅನುಭಾವದ ಮಾತನಾಡಿದ ಪರಂಪರೆ ನಮ್ಮದೆಂದು ವೇದಿಕೆಯ ಮೇಲೆ ಹೇಳುವ ನಾವು ಇದನ್ನು ಇಷ್ಟು ಕಾಲ ಯೋಚಿಸದಿದ್ದದ್ದು ನಾಚಿಕೆಯ ಸಂಗತಿ. ಇನ್ನು ಮುಂದೆ ಅವರೂ ಬರಲಿ.

ಶ್ರೀಮಠದಲ್ಲಿ ಉಂಡು, ಓದಿ, ಇಂದು ಉಪಾಧ್ಯಾಯರಾಗಿ, ಅಧಿಕಾರಿಗಳಾಗಿ, ವೈದ್ಯರಾಗಿ ಇರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ವರ್ಷಕ್ಕೆ ಒಂದು ತಿಂಗಳು, ಆಗದಿದ್ದರೆ ಹದಿನೈದು ದಿನ ಬಂದು ತಮಗೆ ಬರುವುದನ್ನು ಮಕ್ಕಳಿಗೆ ಹೇಳಿಕೊಡಿ. ವಚನವಾಗಲಿ, ಗಣಿತವಾಗಲಿ, ವ್ಯಾಕರಣವಾಗಲಿ, ಯಾವುದಾದರೂ ಆದೀತು. ಬೆಳಗಿನ ನ್ಯಾಯಪಾಠವನ್ನು ನಾವೇ ಹೇಳುತ್ತೇವೆ.

ಅರ್ಧ ಕಲಿತು ಹೋದ ಆ ಹುಡುಗನಿಗೆ ಕಾಗದ ಬರೆದಿದ್ದೇವೆ. ಈಗ ಅವನು ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನಂತೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೂ ಅವನನ್ನು ದೂರುವ ಅಧಿಕಾರ ನಮಗಿಲ್ಲ. ಬಂದರೆ, ನಿಲ್ಲಿಸಿದ ಸೂತ್ರದಿಂದಲೇ ಪಾಠವನ್ನು ಮುಂದುವರಿಸುತ್ತೇವೆ.

ಸರ್ವರಿಗೂ ಶಿವನು ಸನ್ಮಂಗಳವನ್ನುಂಟುಮಾಡಲಿ.