ಬಾಯಿಂದ ಉಣ್ಣುವ ಕೋವಿ

ಮಝಲ್‌ಲೋಡರ್ ಎಂದರೆ ಬಾಯಿಂದ ಉಣ್ಣುವ ಕೋವಿ. ಮದ್ದೂ ಗುಂಡೂ ನಳಿಗೆಯ ಮುಂದಿನ ತುದಿಯಿಂದಲೇ ಒಳಗಿಳಿಯಬೇಕು; ಹಿಂದಿನ ತುದಿ ಮುಚ್ಚಿರುತ್ತದೆ. ಬಡಿದರೆ ಕಿಡಿ ಕೊಡುವ ಪುಟ್ಟ ಕೇಪಿನಿಂದ ಸಿಡಿಯುವ ಮಲೆನಾಡಿನ ಕೇಪಿನ ಕೋವಿಯೂ ಟೆಕ್ಸಸ್‌ನ ಹಳೆಯ ಉದ್ದ ರೈಫಲ್ಲೂ ಒಂದೇ ಜಾತಿಯವು. ವ್ಯತ್ಯಾಸವಿರುವುದು ನಳಿಗೆಯೊಳಗೆ. ಕೇಪಿನ ಕೋವಿಯದು ನುಣುಪು ಕೊಳವೆ. ರೈಫಲ್ಲಿನದರಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿವೆ. ಗೀರು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಟ ಗುಂಡು ದಾರಿಯಲ್ಲಿ ಅತ್ತಿತ್ತ ಸರಿಯುವುದು ಕಡಿಮೆ. ಗೋಲಿಯಾಕಾರದ ಗುಂಡಿಗೆ ನಿಧಾನದ ತಿರುಗು ಸಾಕು: 48ರಿಂದ 70 ಅಂಗುಲಕ್ಕೆ ಒಂದು ಸುತ್ತು.

ಈ ಲೇಖಕನ ಅಜ್ಜನ ಮನೆಯ ಗೋಡೆಯಲ್ಲಿ ಒಂದು ಕೇಪಿನ ಕೋವಿ ತೂಗುತ್ತಿತ್ತು. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಅದು ಕೆಳಗಿಳಿಯುತ್ತಿತ್ತು. ಅಂಗೈ ಅಂದಾಜಿನಲ್ಲಿ ಮಸಿ, ಅಂದರೆ ಮದ್ದು, ಮೇಲೊಂದಿಷ್ಟು ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು, ಕೊನೆಗೆ ಗಜವೆಂಬ ತುಂಬುಕೋಲಿನಿಂದ ನಾಲ್ಕು ಗುದ್ದು. ಹಂದಿ ಬಿದ್ದದ್ದಕ್ಕಿಂತ ಓಡಿದ್ದೇ ಹೆಚ್ಚು. ಸದ್ದಿಗೇ ಗದ್ದೆ ಉಳಿಯುತ್ತಿದ್ದುದರಿಂದ ಗುರಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ನುಣುಪು ನಳಿಗೆಯ ಕಥೆ ಸೇನೆಗಳಲ್ಲೂ ಇದೇ. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗಾಗಿ ಮಾಡಿಸಿದ ಮಸ್ಕೆಟ್ಟಿಗೆ ಇಂಡಿಯಾ ಪ್ಯಾಟರ್ನ್ ಎಂದು ಹೆಸರು. ನಳಿಗೆಯ ತೂತು ಮುಕ್ಕಾಲು ಅಂಗುಲ, ಗುಂಡು 0.69 ಅಂಗುಲದ ಆಸುಪಾಸು. ಬೇಗ ತುಂಬಲೆಂದೇ ಇಷ್ಟು ಸಡಿಲ. ಗುಂಡು ನಳಿಗೆಯ ಗೋಡೆಗೆ ತಾಕುತ್ತ ತಾಕುತ್ತ ಬಂದು, ಕೊನೆಯ ತಾಕು ಯಾವ ಕಡೆಗೋ ಅತ್ತ ಹಾರುತ್ತಿತ್ತು. ಬ್ರಿಟಿಷ್ ಸೇನೆಯೂ ಈ ಮಾದರಿಯನ್ನು ತನ್ನದಾಗಿಸಿಕೊಂಡಿತು; ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಉಳಿದವನ್ನು ಮೆಕ್ಸಿಕೊ ಕೊಂಡಿತು. ಹೀಗೆ ಇಂಡಿಯಾದ ಹೆಸರು ಹೊತ್ತ ಬಂದೂಕು 1836ರಲ್ಲಿ ಮೆಕ್ಸಿಕೊದ ಸೇನಾನಿ ಸಾಂಟಾ ಆನಾನ ಸೈನಿಕರ ಹೆಗಲೇರಿ ಸ್ಯಾನ್ ಆಂಟೋನಿಯೊದ ಅಲಾಮೊ ಕೋಟೆಗೂ, ಏಪ್ರಿಲ್ 21ರಂದು ಇಂದಿನ ಹ್ಯೂಸ್ಟನ್ ಪಕ್ಕದ ಸ್ಯಾನ್ ಜಸಿಂಟೊ ಬಯಲಿಗೂ ಬಂತು. ಮೆಕ್ಸಿಕೊ ವಿರುದ್ಧ ದಂಗೆಯೆದ್ದು ಎದುರು ನಿಂತ ಟೆಕ್ಸಸ್ ವಲಸಿಗರಲ್ಲಿ ಹಲವರ ಕೈಯಲ್ಲಿ ಉದ್ದ ರೈಫಲ್ಲಿತ್ತು. ಅದು ಪೆನ್ಸಿಲ್ವೇನಿಯಕ್ಕೆ ಬಂದು ನೆಲೆಸಿದ ಜರ್ಮನ್ ಕೋವಿ ಕಮ್ಮಾರರ ಕೈಚಳಕ. ಸ್ಯಾನ್ ಜಸಿಂಟೊದಲ್ಲಿ ಮುಖ್ಯ ಕಾಳಗ 18 ನಿಮಿಷದಲ್ಲಿ ಮುಗಿಯಿತು. ಅಲ್ಲಿ ಗೆದ್ದದ್ದು ಗುರಿಗಾರಿಕೆಯಲ್ಲ, ಎದುರಾಳಿ ಮಧ್ಯಾಹ್ನದ ವಿಶ್ರಾಂತಿಯಲ್ಲಿದ್ದಾಗ ನಡೆದ ದಾಳಿ. ಬಿಡಿಯಾಗಿ ನಿಂತು ಗುರಿಯಿಡುವವನ ಲೆಕ್ಕ ಬೇರೆ: ಮಸ್ಕೆಟ್ಟಿಗೆ ನೂರು ಹೆಜ್ಜೆಯಾಚೆಯದೆಲ್ಲ ಅದೃಷ್ಟ, ಒಳ್ಳೆಯ ರೈಫಲ್ಲಿಗೆ ಇನ್ನೂರು ಹೆಜ್ಜೆಯೂ ಅಳವಿನೊಳಗೆ.

ರೈಫಲ್ಲಿನ ಗುಂಡಿಗೆ ಮೆತ್ತನೆಯ ಶುದ್ಧ ಸೀಸವೇ ಆಗಬೇಕು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಚ್ಚು ಕಾಯುವ ಮೊದಲು ಹೊಯ್ದರೆ ಗುಂಡಿನ ಮೈ ಸುಕ್ಕಾಗುತ್ತದೆ. ಅಂಥವು ಮತ್ತೆ ಕುಡಿಕೆಗೆ. ಒಳಗೆ ಗಾಳಿಗುಳ್ಳೆ ಇದ್ದರೆ ಕಣ್ಣಿಗೆ ಕಾಣದು, ತಕ್ಕಡಿಗೆ ಕಾಣುತ್ತದೆ. ಅರ್ಧ ಅಂಗುಲ ತೂತಿನ ನಳಿಗೆಗೆ ಹಾಕುವ 0.490 ಅಂಗುಲದ ಗುಂಡು ಸುಮಾರು 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ ತೂಗಬೇಕು. ಹಗುರವಾದದ್ದನ್ನು ಪಕ್ಕಕ್ಕಿಡಬೇಕು.

ನಳಿಗೆಗಿಂತ ಗುಂಡು ಕೂದಲೆಳೆಯಷ್ಟು ಸಣ್ಣದು. ಆ ಸಂದನ್ನು ತುಂಬುವುದು ಬಟ್ಟೆ. ಹಾಸಿಗೆ ಹೊಲಿಯುವಂಥ ಒತ್ತು ನೆಯ್ಗೆಯ ಹತ್ತಿ ಬಟ್ಟೆ, ದಪ್ಪ 0.015 ಅಂಗುಲದ ಸುಮಾರು, ಎಣ್ಣೆಯಲ್ಲೋ ಕೊಬ್ಬಿನಲ್ಲೋ ಅದ್ದಿದ್ದು. ಏನೂ ಸಿಗದಾಗ ಎಂಜಲೂ ನಡೆಯುತ್ತದೆ. ಸೀಸ ಗೀರನ್ನು ಮುಟ್ಟುವುದೇ ಇಲ್ಲ. ಗೀರು ಹಿಡಿಯುವುದು ಬಟ್ಟೆ, ಗುಂಡನ್ನು ತಿರುಗಿಸುವುದೂ ಅದೇ. ಹೊರಬಂದ ಮೇಲೆ ಕಳಚಿಬಿದ್ದು ಗುಂಡನ್ನು ಒಂಟಿಯಾಗಿ ಬಿಡುತ್ತದೆ.

ತುಂಬುವ ಕ್ರಮ ಹೀಗೆ. ಮೊದಲು ನಳಿಗೆಯೊಳಗಿನ ಎಣ್ಣೆ ಒರೆಸಿ, ಬರಿಯ ಕೇಪೊಂದನ್ನು ಹೊಡೆದು, ಕಿಡಿ ಒಳಹೋಗುವ ಕಿಂಡಿ ಚೊಕ್ಕವಾಯಿತೆಂದು ಖಾತ್ರಿ ಮಾಡಿಕೊಳ್ಳಬೇಕು. ಕರಿಮದ್ದನ್ನು ಅಳತೆಯ ಕೊಳವೆಗೆ ಸುರಿದು, ಅಲ್ಲಿಂದ ನಳಿಗೆಗೆ ಹಾಕಬೇಕು. ಮದ್ದು ತುಂಬಿಟ್ಟ ಕೊಂಬಿನಿಂದ ನೇರವಾಗಿ ಸುರಿದರೆ, ನಳಿಗೆಯಲ್ಲಿ ಕಿಡಿಯೊಂದು ಉಳಿದಿದ್ದ ದಿನ ಕೊಂಬೇ ಸಿಡಿಯುತ್ತದೆ. ಆಮೇಲೆ ಬಾಯಿಯ ಮೇಲೆ ಬಟ್ಟೆ, ಅದರ ನಟ್ಟನಡುವೆ ಗುಂಡು. ಅಚ್ಚಿನ ಬಾಯಿ ಬಿಟ್ಟ ಚಪ್ಪಟೆ ಗುರುತು ಪ್ರತಿಸಲವೂ ಮೇಲ್ಮುಖವಾಗಿರಬೇಕು. ಗಿಡ್ಡ ಗೂಟದಿಂದ ಗುಂಡನ್ನು ಒಳಸೇರಿಸಿ, ಗಜದಿಂದ ಒಂದೇ ಸಮನೆ ಒತ್ತಿ ಮದ್ದಿನ ಮೇಲೆ ಕೂರಿಸಬೇಕು. ಗುದ್ದಿದರೆ ಸೀಸ ನಜ್ಜಾಗುತ್ತದೆ. ಗುಂಡಿಗೂ ಮದ್ದಿಗೂ ನಡುವೆ ಸಂದು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಗಜದ ಮೇಲೊಂದು ಗೆರೆ: ಅದು ನಳಿಗೆಯ ಬಾಯಿಗೆ ಸಮವಾದರೆ ಗುಂಡು ಕುಳಿತಿದೆ. ಕೇಪು ಎಲ್ಲಕ್ಕೂ ಕೊನೆಗೆ.

ಈ ಲೇಖಕ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮೊದಲ ಸಲ ಹೀಗೆ ತುಂಬಿದಾಗ ಐದು ಗುಂಡು ಕಾಗದದ ಐದು ಕಡೆ ತೂತು ಮಾಡಿದವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಾಗದದ ಕಡೆ ನೋಡಲಿಲ್ಲ. ಕೆಲವು ಹೆಜ್ಜೆ ಮುಂದೆ ಬಿದ್ದಿದ್ದ ಬಟ್ಟೆ ಚೂರುಗಳನ್ನು ಹೆಕ್ಕಿದರು. ನಡುವೆ ಸುಟ್ಟು ತೂತಾಗಿದ್ದವು. ಬಟ್ಟೆ ತೆಳುವಾಯಿತು ಎಂದಷ್ಟೇ ಹೇಳಿದರು. ದಪ್ಪ ಬಟ್ಟೆ ಹಾಕಿದ ಮೇಲೆ ಗುಂಡುಗಳು ಒಂದು ತಟ್ಟೆಯಗಲದಲ್ಲಿ ಬಿದ್ದವು. ಬಟ್ಟೆ ಇಡಿಯಾಗಿ, ಅಂಚು ಎಳೆಬಿಟ್ಟು ಸಿಕ್ಕರೆ ಈಡು ಸರಿ. ಗೀರಿನಷ್ಟಗಲಕ್ಕೆ ಹರಿದಿದ್ದರೆ ನಳಿಗೆಯ ಬಾಯಿಯ ಅಂಚು ಹರಿತವಾಗಿದೆ ಎಂದರ್ಥ.

ಉಳಿದದ್ದು ಹವೆಯ ಕೆಲಸ. ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಿಟ್ಟವಾಗಿ ಉಳಿಯುತ್ತದೆ. ಡಾಲಸ್, ಆಸ್ಟಿನ್ ಕಡೆಯ ಒಣ ಮಧ್ಯಾಹ್ನದಲ್ಲಿ ಅದು ಸೀದ ಅನ್ನದಂತೆ ಗಟ್ಟಿಯಾಗಿ ಮೂರನೆಯ ಗುಂಡಿಗೇ ಗಜ ಹಟ ಹಿಡಿಯುತ್ತದೆ. ಆದ್ದರಿಂದ ಪ್ರತಿ ಈಡಿಗೂ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸುವುದು ಒಳ್ಳೆಯದು. ಹ್ಯೂಸ್ಟನ್‌ನಲ್ಲಿ ಸಮುದ್ರದ ಗಾಳಿಗೆ ಕಿಟ್ಟ ಮೆತ್ತಗಿರುತ್ತದೆ, ಗುಂಡು ಸಲೀಸಾಗಿ ಇಳಿಯುತ್ತದೆ. ಆದರೆ ಅದೇ ತೇವ ಕಿಟ್ಟದೊಡನೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ.

ಕೊನೆಯ ಈಡಾದ ಮೇಲೆ ನಳಿಗೆಗೆ ಬಿಸಿನೀರು ಹೊಯ್ದು, ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ, ಎಣ್ಣೆ ಸವರಬೇಕು. ಹ್ಯೂಸ್ಟನ್‌ನಲ್ಲೂ ಮಲೆನಾಡಿನ ಮಳೆಗಾಲದಲ್ಲೂ ಇದು ಅದೇ ಸಂಜೆ ಆಗಬೇಕಾದ ಕೆಲಸ, ಬೆಳಗಾದರೆ ತುಕ್ಕು.